ಬೇರು ಸಮೇತ

ಪರರ ಕೈಬರಹ ಓದಿ ಓದಿ ನನ್ನ ಕನ್ನಡಕದ ನಂಬರು ಏರಿದೆ. ಧಾರವಾಡದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಸಸ್ಯಶಾಸ್ತ್ರ ಕಲಿಸಿ, ಉತ್ತರಪತ್ರಿಕೆಗಳ ಬ್ರಹ್ಮಲಿಪಿಯಿಂದ ಪಾರಾದೆನೆಂದು ಬೀಗುತ್ತ ಅಮೆರಿಕದ ಫ್ರೀಮಾಂಟಿಗೆ ಬಂದವಳು, ಈಗ ವಾರಕ್ಕೆರಡು ದಿನ ರೈಲು ಹತ್ತಿ ಹರ್ಬೇರಿಯಮ್ಮಿಗೆ, ಅಂದರೆ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿಡುವ ಸಂಗ್ರಹಾಲಯಕ್ಕೆ ಹೋಗಿ, ಅವುಗಳ ಹಳೆಯ ಚೀಟಿಗಳನ್ನು ಕಂಪ್ಯೂಟರಿಗೆ ಇಳಿಸುತ್ತೇನೆ. ಸಂಬಳವಿಲ್ಲ, ನಮ್ಮ ಯಜಮಾನರ ಪ್ರಕಾರ ಇದು ಶುದ್ಧ ಬಿಟ್ಟಿ ಚಾಕರಿ.

ಕಳೆದ ತಿಂಗಳು ನನ್ನ ಪಾಲಿಗೆ ಬಂದದ್ದು ಮಿಲ್ಕ್‌ವೆಚ್ ಕುಲದ ಒಂದು ಕಾಡುಗಿಡದ ಕಟ್ಟು. ನಮ್ಮ ಹುರುಳಿಯ ದೂರದ ದಾಯಾದಿಯಾದ ಇದು ಇಲ್ಲಿಯ ಮರುಭೂಮಿಯ ಒಂದೇ ಒಂದು ಕಣಿವೆಯಲ್ಲಿ ಬೆಳೆಯುವಂಥದು. ಮೊದಲ ಚೀಟಿಗಳಲ್ಲಿ ‘ಹೇರಳ’ ಎಂದಿತ್ತು; ಆಮೇಲೆ ‘ಅಲ್ಲಲ್ಲಿ’; ಆಮೇಲೆ ‘ವಿರಳ’. ರೋಗಿಯ ಜ್ವರದ ಪಟ್ಟಿ ನೋಡುವವಳಂತೆ, ಇನ್ನೂ ಬದುಕಿರಲಪ್ಪಾ ಎಂದು ಬೇಡಿಕೊಳ್ಳುತ್ತಲೇ ಹಾಳೆ ತಿರುವಿದೆ. ಕೊನೆಯ ಹಾಳೆಯ ಗಿಡ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಬೇರಿನ ಕೂದಲೆಳೆಯೂ ಮುರಿದಿರಲಿಲ್ಲ. ಚೀಟಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: ‘ಇಡೀ ಕಣಿವೆಯಲ್ಲಿ ಕಂಡದ್ದು ಇದೊಂದೇ ಗಿಡ. ಹೂ ಬಿಟ್ಟಿದೆ, ಕಾಯಿ ಇನ್ನೂ ಕಟ್ಟಿಲ್ಲ.’ ಅದರ ಕೆಳಗೆ ಯಾರೋ ಈಚೆಗೆ ಅಂಟಿಸಿದ ಇನ್ನೊಂದು ಚೀಟಿ: ‘ಅದೇ ಜಾಗದಲ್ಲಿ ಮೂರು ವಸಂತ ಹುಡುಕಿದೆವು. ಸಿಗಲಿಲ್ಲ.’

ಸಂಜೆ ಚಹಾ ಕುಡಿಯುತ್ತ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಇರುವುದೊಂದೇ ಎಂದು ತಾನೇ ಬರೆದವನು ಅದನ್ನೂ ಕಿತ್ತನೆಂಬುದು ಅವರಿಗೆ ಅರಗಲಿಲ್ಲ.

“ಎಂಥಾ ಮನಷ್ಯಾ ಇರಬೇಕಂವಾ? ಕಲ್ತಾಂವ ಅಲ್ಲೇನು?”

ಕಲಿತವನಾದ್ದರಿಂದಲೇ ಕಿತ್ತ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ನಿಮಗಾದರೂ ಹೇಳಿಬಿಡುತ್ತೇನೆ. ಪ್ರಾಯೋಗಿಕ ಪರೀಕ್ಷೆಗೆ ನಮ್ಮ ವಿದ್ಯಾರ್ಥಿಗಳು ಗಿಡಗಳನ್ನು ಒಣಗಿಸಿ ತರಬೇಕಿತ್ತು. ಬೇರಿಲ್ಲದ್ದಕ್ಕೆ ಅಂಕವಿಲ್ಲವೆಂಬುದು ನನ್ನ ರಾಜಶಾಸನ. ಒಂದು ವರ್ಷ ಶಾಂತಾ ಎಂಬ ಹುಡುಗಿ, ನಾನೇ ಅದುವರೆಗೆ ಕಂಡಿರದ ನೆಲದ ಆರ್ಕಿಡ್ಡೊಂದರ ಹೂಗೊಂಚಲನ್ನಷ್ಟೇ ಕತ್ತರಿಸಿ ತಂದಳು. ಬೇರು ಎಲ್ಲಿ ಎಂದು ಕೇಳಿದೆ.

“ಒಂದ ಗಿಡ ಇತ್ತರಿ ಮೇಡಂ. ಕೀಳಾಕ ಮನಸ ಬರಲಿಲ್ಲರಿ.”

ತರಗತಿ ನಕ್ಕಿತು, ನಾನೂ ನಕ್ಕೆ. ವಿಜ್ಞಾನಕ್ಕೂ ಮನಸ್ಸಿಗೂ ಏನು ಸಂಬಂಧವೆಂದು ಒಂದು ಪುಟ್ಟ ಭಾಷಣ ಬಿಗಿದು ಸೊನ್ನೆ ಹಾಕಿದೆ. ಅವಳ ಮುಖ ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ. ಮರುದಿನ ಅವಳು ಮತ್ತೆ ಅಲ್ಲಿಗೆ ಹೋಗಿ, ಗಡ್ಡೆ ಅಗೆದು, ಮಣ್ಣು ತೊಳೆದು ತಂದು ನನ್ನ ಮೇಜಿನ ಮೇಲಿಟ್ಟಳು. ನಾನು ಹತ್ತಕ್ಕೆ ಹತ್ತು ಕೊಟ್ಟು, ನೋಡಿ ಕಲಿಯಿರೆಂದು ಇಡೀ ತರಗತಿಗೆ ತೋರಿಸಿದೆ.