ಹಾಜರಾಳ ಅಲೆಹಲಗೆ

ಭದ್ರಾವತಿಯ ಹೊಳೆ ಕಡೆಯ ಆ ಗಲ್ಲಿಯಲ್ಲಿ ಹಾಜರಾ ಹೆಸರು ಮಾಡಿದ್ದು ಶಾವಿಗೆಯಿಂದ. ರಂಜಾನಿಗೆ ಇನ್ನು ತಿಂಗಳಿದೆ ಅನ್ನುವಾಗ ಅಕ್ಕಪಕ್ಕದ ಹೆಂಗಸರೆಲ್ಲ ಚಿರೋಟಿ ರವೆಯ ಡಬ್ಬಿ ಹಿಡಿದು ಅವಳ ಹಿತ್ತಲಿಗೆ ಬರುತ್ತಾರೆ. ಎದುರು ಮನೆಯ ಚೌಡಮ್ಮನಿಗೂ ಅಲ್ಲಿನ ಶಾವಿಗೆಯೇ ಆಗಬೇಕು. ಯುಗಾದಿ ಪಾಯಸಕ್ಕೆ ಅಂಗಡಿ ಶಾವಿಗೆ ಹಾಕಿದರೆ ಆಕೆಗೆ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಎಲ್ಲರೂ ಹೊಗಳುವುದು ಹಾಜರಾಳ ಕೈಯನ್ನಲ್ಲ, ಅವಳ ಹಲಗೆಯನ್ನು. ನೆಲಕ್ಕೂರಿ ನಿಲ್ಲಿಸಿದರೆ ಎದೆಮಟ್ಟ ಬರುವ, ಮೊಳದಷ್ಟು ಅಗಲದ ಹಲಗೆ ಅದು. ಒಂದು ತುದಿ ಸ್ವಲ್ಪವೇ ಮೇಲಕ್ಕೆ ಬಾಗಿದೆ. ವರ್ಷ ವರ್ಷ ಎಣ್ಣೆ ಕುಡಿದು ಕನ್ನಡಿಯಂತಾಗಿದೆ. ಹಾಜರಾ ಅದನ್ನು ತವರಿನಿಂದ ತಂದಿದ್ದಳು.

ಆದರೆ ಆ ಹಲಗೆ ಶಾವಿಗೆಗೆಂದು ಮಾಡಿದ್ದೇ ಅಲ್ಲ. ಅದನ್ನು ಹೇಳಲು ಬಾಯಿ ಬರದೆ ಅವಳು ಮೂವತ್ತು ವರ್ಷ ಕಳೆದಳು.

ತವರು ಗಂಗೊಳ್ಳಿ ಕಡೆಯ ಕಡಲ ದಂಡೆ. ಅಬ್ಬಾ ಮೀನು ಹಿಡಿಯುವವರು. ಹಳೇ ದೋಣಿಯೊಂದನ್ನು ಒಡೆದಾಗ ಅದರ ಮೂತಿಯ ಹಲಗೆಯೊಂದನ್ನು ಎತ್ತಿಟ್ಟು, ಉಜ್ಜಿ, ಅಂಚು ದುಂಡಗೆ ಮಾಡಿ ಒಬ್ಬಳೇ ಮಗಳಿಗೆ ಕೊಟ್ಟಿದ್ದರು. ಆ ಊರಿನ ಮಕ್ಕಳಿಗೆ ಹಲಗೆಯಾಟ ದೊಡ್ಡ ವಿಷಯವೇನಲ್ಲ. ಸೊಂಟದ ನೀರಿಗಿಳಿದು, ದಂಡೆಗೆ ಮುಖ ಮಾಡಿ, ಹಲಗೆಯನ್ನು ಹೊಟ್ಟೆಗವಚಿ ಕಾಯಬೇಕು. ಹಿಂದೆ ಅಲೆ ಮುರಿಯುವ ಹೊತ್ತಿಗೆ ಸರಿಯಾಗಿ ನೆಲ ಒದ್ದು ಮುಂದಕ್ಕೆ ಬೀಳಬೇಕು. ಮಿಕ್ಕಿದ್ದನ್ನು ಅಲೆಯೇ ನೋಡಿಕೊಳ್ಳುತ್ತದೆ. ಮಳೆಗಾಲದ ಆಳುದ್ದ ಅಲೆ ಯಾರಿಗೂ ಬೇಡ. ದಿನಬೆಳಗಾದರೆ ದಂಡೆಗೆ ಬಂದು ಹೋಗುತ್ತದಲ್ಲ, ಆ ಮಾಮೂಲಿ ಅಲೆ ಸಾಕು. ಎದೆಯಡಿ ನೀರು ಗುಡುಗುತ್ತದೆ, ಮುಖಕ್ಕೆ ಉಪ್ಪು ರಾಚುತ್ತದೆ, ಕಣ್ಣು ಬಿಡುವಷ್ಟರಲ್ಲಿ ಹೊಟ್ಟೆಯಡಿ ಮರಳು ಕೊರೆಯುತ್ತಿರುತ್ತದೆ.

ಓರಗೆಯ ಹುಡುಗಿಯರೆಲ್ಲ ದೊಡ್ಡವರಾಗಿ ನೀರಿಗಿಳಿಯುವುದು ನಿಲ್ಲಿಸಿದರು. ಹಾಜರಾ ನಿಲ್ಲಿಸಲಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಅಬ್ಬಾ, ಅವಳನ್ನು ಜನ ಓಡಾಡದ ಕಡೆ ಕರೆದುಕೊಂಡು ಹೋಗುತ್ತಿದ್ದರು. ಲುಂಗಿ ಎತ್ತಿ ಕಟ್ಟಿ ಮೊಣಕಾಲ ನೀರಲ್ಲಿ ಅವಳಿಗೆದುರಾಗಿ ನಿಲ್ಲುತ್ತಿದ್ದರು. ಕಡಲಿಗೆ ಬೆನ್ನು ಹಾಕಿದ ಹುಡುಗಿಗೆ ಹಿಂದೆ ಏನು ಬರುತ್ತಿದೆಯೆಂದು ಕಾಣದಲ್ಲ, ಅದನ್ನು ಅಬ್ಬಾ ನೋಡುತ್ತಿದ್ದರು. "ಬಿಡು... ಇದು ಸತ್ತ ಅಲೆ... ಇದೂ ಬೇಡ..." ಅನ್ನುತ್ತಲೇ ಇದ್ದು ಒಮ್ಮೆಲೇ "ಈಗ!" ಎಂದು ಕೂಗುತ್ತಿದ್ದರು. ಆ ಕೂಗು ಒಂದು ದಿನವಾದರೂ ತಪ್ಪಿದ್ದು ಅವಳಿಗೆ ನೆನಪಿಲ್ಲ.

ಮೀನಿನ ಲಾರಿಗಳ ಇಂಜಿನ್ ರಿಪೇರಿಗೆಂದು ಆ ಕಡೆ ಬಂದುಹೋಗುತ್ತಿದ್ದ ಭದ್ರಾವತಿಯ ಮೆಕ್ಯಾನಿಕ್ ರಸೂಲ್ ಸಾಬ್‌ನೊಂದಿಗೆ ಅವಳ ನಿಕಾಹ್ ಆಯಿತು. ಹೊರಡುವಾಗ ಪಾತ್ರೆ ಪರಡಿ, ಹಾಸಿಗೆಯ ಜೊತೆಗೆ ಅಬ್ಬಾ ಹಲಗೆಯನ್ನೂ ಲಾರಿಗೆ ಹಾಕಿದರು. "ಭದ್ರಾ ಡ್ಯಾಮ್ ಕಡಲಷ್ಟೇ ದೊಡ್ಡದಂತೆ. ಇಟ್ಕೋ ಮಗಾ" ಅಂದರು. ಪಾಪ, ಅವರು ಡ್ಯಾಮನ್ನು ಎಲ್ಲಿ ನೋಡಿದ್ದರು!

ಗಂಡನ ಮನೆಯಲ್ಲಿ ನೆರೆಹೊರೆಯವರ ಮುಂದೆ ಸಾಮಾನು ಬಿಚ್ಚಿದ ಅತ್ತೆಯ ಕೈಗೆ ಮೊದಲು ಸಿಕ್ಕಿದ್ದೇ ಅದು. ಸವರಿ ನೋಡಿದರು, ತಟ್ಟಿ ನೋಡಿದರು, ಆಮೇಲೆ ಮುಖವಿಡೀ ಅರಳಿತು. "ಯಾ ಅಲ್ಲಾ, ನೋಡ್ರೇ ಇಲ್ಲಿ! ಚಿನ್ನ ತರೋ ಸೊಸೇರು ಎಲ್ಲಾ ಕಡೆ ಇದಾರೆ. ಶಾವಿಗೆ ಹಲಗೆ ತರೋ ಸೊಸೆ ಯಾರ ಮನೇಲಿದಾಳೆ ಹೇಳ್ರಿ!"

ಹೊಸ ಸೊಸೆ ಏನು ಹೇಳಬೇಕು? ಅಲ್ಲ ಅತ್ತೆ, ಇದು ಹೊಟ್ಟೆ ಅಡಿಯಾಗಿ ಮಲಗಿ ಅಲೆ ಮೇಲೆ ಜಾರುವ ಹಲಗೆ ಅನ್ನಬೇಕೆ? ತಲೆ ಬಗ್ಗಿಸಿ ಕೂತಳು. ಫಜೀತಿ ಏನೆಂದರೆ, ಅವಳ ಊರಿನಲ್ಲಿ ಮಾಡುತ್ತಿದ್ದದ್ದು ಅಕ್ಕಿಯ ಒತ್ತು ಶಾವಿಗೆ. ಈ ಗೋಧಿ ಶಾವಿಗೆಯನ್ನು ಹಲಗೆಯ ಮೇಲೆ ಅಂಗೈಯಲ್ಲಿ ಹೊಸೆಯುವುದನ್ನು ಅವಳು ಕಂಡೇ ಇರಲಿಲ್ಲ. ಮೊದಲ ಸಲ ಹೊಸೆದಾಗ ಎಳೆಗಳು ಬಾವಿ ಹಗ್ಗದಂತೆ ಬಂದವು. ಹಲಗೆ ತಂದವಳಿಗೆ ಹೊಸೆಯಲು ಬಾರದ್ದು ಕಂಡು ಅತ್ತೆ ತಲೆ ಮೇಲೆ ಕೈಹೊತ್ತರು. ಆದರೂ ಬೈಯದೆ, ಪಕ್ಕ ಕೂತು ಕಲಿಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಹಲಗೆ ಇಳಿಜಾರಾಗಿ ನಿಲ್ಲಬೇಕೆಂದು ರಸೂಲ್ ಸಾಬ್ ಗ್ಯಾರೇಜಿನಿಂದ ಡ್ರಿಲ್ ತಂದ. ನಾಲಗೆ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಹೊಸ ಹೆಂಡತಿಗೆ ತಾಜಮಹಲನ್ನೇ ಕಟ್ಟುತ್ತಿದ್ದಾನೇನೋ ಅನ್ನುವ ಶ್ರದ್ಧೆಯಲ್ಲಿ ಎರಡು ತೂತು ಕೊರೆದು, ಬೋಲ್ಟ್ ಹಾಕಿ ಕಾಲು ಕೂರಿಸಿದ. "ಹೆಂಗಿದೆ?" ಅಂದ. "ಚೆನ್ನಾಗಿದೆ" ಅಂದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಎರಡನೇ ವರ್ಷ ಅಬ್ಬಾ ತೀರಿಕೊಂಡರು. ತವರ ಮನೆಯೆದುರಿನ ಮರಳನ್ನು ಕಡಲು ತಿಂದು, ಸರ್ಕಾರದವರು ಬಂಡೆ ತಂದು ಸುರಿದರು. ಹೋದಾಗಲೆಲ್ಲ ಹಾಜರಾ ಆ ಬಂಡೆಗಳ ಮೇಲೆ ಕೂತು ನೋಡಿ ಬರುತ್ತಿದ್ದಳು. ಹಲಗೆ ಘಟ್ಟದ ಮೇಲೆ, ಕಡಲು ಘಟ್ಟದ ಕೆಳಗೆ. ಭದ್ರಾವತಿಯಲ್ಲಿ ಬಟ್ಟೆ ಒಗೆಯಲು ಹೊಳೆಗೆ ಹೋದರೆ ನೀರೇನೋ ಬೇಕಾದಷ್ಟಿತ್ತು. ಆದರೆ ಹೊಳೆ ಒಂದೇ ಕಡೆ ಹೋಗುತ್ತದೆ, ಅಲೆಯ ಹಾಗೆ ತಿರುಗಿ ಮನೆಗೆ ತಂದುಬಿಡುವುದಿಲ್ಲ. ಈ ವಯಸ್ಸಿಗೂ ಅವಳು ಹೊಟ್ಟೆ ಅಡಿಯಾಗಿಯೇ ಮಲಗುತ್ತಾಳೆ. ಬೆಳಗಿನ ಜಾವ ಅರೆನಿದ್ದೆಯಲ್ಲಿ ಕಾಲು ಒಮ್ಮೆ ಚಾಪೆಯನ್ನು ಒದೆಯುತ್ತದೆ, ಆಮೇಲೆ ಎಚ್ಚರವಾಗುತ್ತದೆ.

ರಸೂಲ್ ಸಾಬ್ ಕೆಟ್ಟ ಗಂಡನೇನಲ್ಲ. ಸೋಗಾನೆಯಲ್ಲಿ ವಿಮಾನ ನಿಲ್ದಾಣವಾದಾಗ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಬೇಲಿಯಾಚೆಯಿಂದ ವಿಮಾನ ತೋರಿಸಿದ್ದ. "ಏನಾದ್ರೂ ಆಸೆ ಇದ್ರೆ ಹೇಳೇ ಮಾರಾಯ್ತಿ" ಅಂದಿದ್ದ. "ಏನೂ ಇಲ್ಲ ರೀ, ಇಷ್ಟೇ ಸಾಕು" ಅಂದಿದ್ದಳು. ಸೀರೆ ಬೇಕಾ ಅಂದರೂ ಸಾಕು, ಊಟಿಗೆ ಹೋಗೋಣವಾ ಅಂದರೂ ಸಾಕು. ಹಲಗೆ ನೋಡಿ ಹಿಗ್ಗಿದ ಅತ್ತೆಯ ಮುಖ ನೆನೆದರೆ, ಅತ್ತೆ ಹೋಗಿ ಇಷ್ಟು ವರ್ಷವಾದರೂ, ಹಲಗೆಯ ಮಾತೆತ್ತಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ.

ಗುಟ್ಟು ಒಡೆದದ್ದು ಈ ವರ್ಷದ ಶಾವಿಗೆಯ ದಿನ. ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುವ ಮಗಳು ನೌರೀನ್, ಎಳೆಗಳನ್ನು ಒಣಗಲು ಕೋಲಿಗೆ ಹಾಕಬೇಕಾದವಳು, ಫೋನಿನಲ್ಲಿ ಮುಳುಗಿದ್ದಳು. ಯಾವುದೋ ದೇಶದ ಕಡಲಲ್ಲಿ ಒಬ್ಬ ತುಂಡು ಹಲಗೆಯೊಂದರ ಮೇಲೆ ಹೊಟ್ಟೆಯೂರಿ ಅಲೆ ಹತ್ತಲು ಕಾಯುತ್ತಿದ್ದ.

"ಅಮ್ಮಿ, ನೋಡು, ನಮ್ ಶಾವಿಗೆ ಹಲಗೆ ಥರಾನೇ ಇದೆ! ಪೈಪೋ ಅಂತಾರಂತೆ."

ಹಾಜರಾ ಬಗ್ಗಿ ನೋಡಿದಳು. "ತೀರಾ ಮುಂದಕ್ಕೆ ಮಲಗಿದಾನೆ. ಮೂತಿ ಮುಳುಗುತ್ತೆ" ಅಂದಳು. ಮೂತಿ ಮುಳುಗಿತು. ಅವನು ಪಲ್ಟಿ ಹೊಡೆದ.

ಚೌಡಮ್ಮನದೂ ಸೇರಿ ಹೊಸೆಯುತ್ತಿದ್ದ ಕೈಗಳೆಲ್ಲ ನಿಂತವು. "ನಿಂಗ್ ಹೆಂಗ್ ಗೊತ್ತಾಯ್ತು?" ಅಂದಳು ನೌರೀನ್. ಹಾಜರಾ ಹಿಟ್ಟಿನ ಕೈಯನ್ನು ಹಲಗೆಯ ಮೇಲೆ ಹಾಗೇ ಇಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ನಕ್ಕಳು, ಕೊನೆಗೆ ನಗು ಎಲ್ಲಿಗೋ ಹೋಯಿತು. "ಒಂದೇ ಒಂದ್ ಸಲ ಹೋಗ್ಬೇಕು ಅನ್ಸುತ್ತೆ ಕಣೇ. ಮಂಡಿ ಪೂರ್ತಿ ಹಿಡ್ಕೊಳ್ಳೋಕೆ ಮುಂಚೆ" ಅಂದಳು.

ಚೌಡಮ್ಮನ ಹೊಟ್ಟೆಯಲ್ಲಿ ಇಂಥ ಮಾತು ಉಳಿದೀತೆ? ಮಾರನೇ ಬೆಳಿಗ್ಗೆಯೇ ಗೇಟಿನ ಹತ್ತಿರ ರಸೂಲ್ ಸಾಬ್‌ನನ್ನು ತಡೆದು ನಿಲ್ಲಿಸಿದಳು. "ಏನ್ ಸಾಬ್ರೇ, ಅಲೆ ಮೇಲೆ ಹೋಗೋ ಹಲಗೆಗೆ ಕಾಲು ಹಾಕಿ ಕೂರಿಸಿದ್ರಂತೆ?"

ರಸೂಲ್ ಸಾಬ್‌ಗೆ ಅದು ನಾಟಿತು. ಎರಡು ದಿನ ಮುಖ ಗಂಟು ಹಾಕಿಕೊಂಡೇ ಇದ್ದ. ಮೂರನೇ ದಿನ ಊಟಕ್ಕೆ ಕೂತು, ತಟ್ಟೆ ನೋಡುತ್ತಲೇ ಕೇಳಿದ: "ನಾನು ತೂತು ಕೊರೀವಾಗ ನೀನು ಅಲ್ಲೇ ಇದ್ದೆ. ಬೇಡ ಅನ್ನೋಕೆ ಏನಾಗಿತ್ತು?"

"ನೀವು ಅಷ್ಟು ಖುಷೀಲಿ ಕೊರೀತಿದ್ರಿ" ಅಂದಳು ಹಾಜರಾ.

ಈದ್ ಮುಗಿದ ಮೇಲೆ ಒಂದು ಸಂಜೆ ಹಲಗೆಯನ್ನು ಅಂಗಳಕ್ಕೆ ತಂದು ಬೋಲ್ಟ್ ಬಿಚ್ಚಿದ. ತುಕ್ಕು ಹಿಡಿದವು ಸುಲಭಕ್ಕೆ ಬರಲಿಲ್ಲ. ತೂತುಗಳಿಗೆ ಮರದ ಬಿರಡೆ ಬಡಿದು, ಮೇಲೆ ಎಂ-ಸೀಲ್ ಮೆತ್ತಿ, ಮರಳು ಕಾಗದ ಹಾಕಿ ತಿಕ್ಕಿದ. "ಶನಿವಾರ ಹೊರಡೋಣ" ಅಂದ.

ಗ್ಯಾರೇಜಿನ ಓಮ್ನಿಯಲ್ಲಿ ಶಿವಮೊಗ್ಗ ದಾಟಿ, ಹುಲಿಕಲ್ ಘಾಟಿ ಇಳಿದು, ಗಂಡ ಹೆಂಡತಿ ಇಬ್ಬರೂ ಹಾಜರಾಳ ದೊಡ್ಡಪ್ಪನ ಮಗಳ ಮನೆಯಲ್ಲಿ ಉಳಿದರು. ಬೆಳಗಿನ ನಮಾಜು ಮುಗಿದ ಮೇಲೆ ಬಂಡೆ ಬೀಳದ ಒಂದು ತುಂಡು ಮರಳು ಹುಡುಕಿಕೊಂಡು ಹೋದರು. ಯಾರೂ ಇರಲಿಲ್ಲ. ಮಾಮೂಲಿ ಅಲೆ, ಸೊಂಟದೆತ್ತರದ್ದು, ಬಂದು ಹೋಗುತ್ತಿತ್ತು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹಲಗೆಯನ್ನು ಕಂಕುಳಲ್ಲಿ ಹಿಡಿದು ಹಾಜರಾ ನೀರಿಗಿಳಿದಳು.

ಮೊದಲ ಅಲೆ ಅವಳನ್ನು ಉರುಳಿಸಿ ಹಲಗೆಯನ್ನು ಪಕ್ಕೆಗೆ ಬಡಿಯಿತು. ಎರಡನೆಯದು ಅಡಿಯಲ್ಲಿ ನುಸುಳಿ ಹೋಯಿತು. ಮತ್ತೊಂದು, ಇನ್ನೊಂದು. ಒದೆಯುವುದು ಗೊತ್ತು, ಯಾವಾಗ ಒದೆಯಬೇಕೆಂದು ಗೊತ್ತಿಲ್ಲ. ಅದನ್ನು ಅವಳು ಕಲಿತೇ ಇರಲಿಲ್ಲ, ಅದು ಅಬ್ಬಾನ ಕೆಲಸವಾಗಿತ್ತು. ಎದುರಿಗೆ ಮೊಣಕಾಲ ನೀರಿನಲ್ಲಿ ಅಬ್ಬಾ ನಿಲ್ಲುತ್ತಿದ್ದ ಜಾಗ ಖಾಲಿಯಿತ್ತು. ಅವರು ತೀರಿಕೊಂಡ ದಿನಕ್ಕಿಂತ ಈಗ ಅವರು ಇಲ್ಲವೆನ್ನುವುದು ಅವಳಿಗೆ ಹೆಚ್ಚು ತಿಳಿಯಿತು. ಇಷ್ಟು ವರ್ಷ ತಾನು ಹಂಬಲಿಸಿದ್ದು ಅಲೆಗೋ ಆ ಕೂಗಿಗೋ ಎಂದು ಅವಳಿಗೇ ಗೊತ್ತಾಗಲಿಲ್ಲ. ಅಳು ಬಂತು.

"ಏನಾಯ್ತೇ?" ರಸೂಲ್ ಸಾಬ್ ದಡದಿಂದ ಕೂಗಿದ.

"ಆಗಲ್ಲ ರೀ. ಹಿಂದೆ ಏನ್ ಬರ್ತಿದೆ ಅಂತ ನೋಡಿ ಹೇಳೋರು ಬೇಕು. ಅಬ್ಬಾ ಹೇಳ್ತಿದ್ರು."

ಹೊಳೆಯಲ್ಲೂ ಮೊಣಕಾಲಿಗಿಂತ ಮೇಲೆ ನೀರು ಕಾಣದವನು ಅವನು. ಪ್ಯಾಂಟನ್ನು ಮಡಿಚಿ, ಒಂದೊಂದೇ ಹೆಜ್ಜೆ ಊರುತ್ತ ಬಂದು ಆ ಖಾಲಿ ಜಾಗದಲ್ಲಿ ನಿಂತ. "ನಾನ್ ಹೇಳ್ತೀನಿ."

"ನಿಮಗೇನ್ ಗೊತ್ತು?"

"ಏನೂ ಗೊತ್ತಿಲ್ಲ. ನೋಡಿ ಹೇಳ್ತೀನಿ, ಅಷ್ಟೇ."

ಅವನ ಮೊದಲ "ಈಗ!" ಬರೀ ನೊರೆಗೆ. ಎರಡನೆಯದು ಬರುವಷ್ಟರಲ್ಲಿ ಅಲೆ ಅವಳ ತಲೆ ದಾಟಿತ್ತು. ಮೂರನೆಯದಕ್ಕೆ ಮುಂಚೆ ಕಾಲಡಿಯ ನೀರು ಹಿಂದಕ್ಕೆಳೆದ ರೀತಿಯಲ್ಲೇ ಈ ಸಲ ಅವಳಿಗೇ ತಿಳಿಯಿತು, ಇದು ಸತ್ತ ಅಲೆ. ಅಬ್ಬಾ ಆಗಿದ್ದರೆ ಬಿಡು ಅನ್ನುತ್ತಿದ್ದರು. ಎದುರಿಗೆ ರಸೂಲ್ ಸಾಬ್ ಕಡಲನ್ನೇ ನುಂಗುವ ಹಾಗೆ ನೋಡುತ್ತಿದ್ದ. ನಾಲಗೆ ತುದಿ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು, ಅಂದು ತೂತು ಕೊರೆಯುವಾಗ ಇದ್ದ ಹಾಗೇ.

"ಈಗ! ಹಾಜರಾ, ಈಗ!"

ಅವಳು ನೆಲ ಒದ್ದಳು. ಬಡಪಾಯಿ ಅಲೆ ಅವಳನ್ನು ಹೊತ್ತು ಒಂದಿಷ್ಟು ದೂರ ತಂದಿತು. ಎದೆಯಡಿ ನೀರು ಗುಡುಗಲಿಲ್ಲ, ಸುಮ್ಮನೆ ಗೊಣಗಿತು. ಆದರೂ ಉಪ್ಪು ಮುಖಕ್ಕೆ ರಾಚಿತು, ಕಡಲು ತನ್ನ ಕೈಯಲ್ಲಿ ಅವಳನ್ನು ಎತ್ತಿಕೊಂಡಿದ್ದು ನಿಜವೇ ಆಗಿತ್ತು. ಅವನ ಕಾಲ ಬಳಿ ತಂದು ಬಿಟ್ಟು ಅಲೆ ಸೋರಿಹೋಯಿತು.

"ಸರಿಯಾಗಿ ಹೇಳಿದ್ನಾ?" ಅವನು ಏದುಸಿರು ಬಿಡುತ್ತ ಕೇಳಿದ, ತಾನೇ ಅಲೆ ಹತ್ತಿ ಬಂದವನಂತೆ.

"ಇಲ್ಲ" ಅಂದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಮುಖವೆಲ್ಲ ನೀರು. "ತಪ್ಪು ಹೇಳಿದ್ರಿ."

ಅವನು ಕೈ ಕೊಟ್ಟು ಎಬ್ಬಿಸಿದ. "ಸಾಕಾ?" ಅಂದ.

ಹಾಜರಾ ಹಲಗೆಯನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡಳು. "ಸಾಕಾಗಿಲ್ಲ ರೀ" ಅಂದಳು. ಮದುವೆಯಾಗಿ ಬಂದ ಮೇಲೆ ಅವಳು ಹಾಗಂದದ್ದು ಅದೇ ಮೊದಲು.

ಅವಳು ಮತ್ತೆ ಸೊಂಟದ ನೀರಿನ ಕಡೆ ನಡೆದಳು. ರಸೂಲ್ ಸಾಬ್ ಪ್ಯಾಂಟನ್ನು ಇನ್ನೊಂದು ಮಡಿಕೆ ಮೇಲೆ ಸರಿಸಿ, ಕಡಲ ಮೇಲೆ ಕಣ್ಣಿಟ್ಟು ನಿಂತ.