ಶಾಂತಕ್ಕನ ಬಲಗೈ

ಇವತ್ತು ಮುಂಜಾನೆ ಉಪ್ಪಿನ ಡಬ್ಬಿ ತೆಗದ್ರ ಉಪ್ಪು ನೀರೊಡದಿತ್ತು. ಗೋವಾದ ಈ ಝುವಾರಿನಗರದಾಗ ಮಳಿಗಾಲ ಬಂತು ಅಂತ ನನಗ ಮೊದಲು ಹೇಳೂದು ಮೋಡ ಅಲ್ಲ, ಈ ಡಬ್ಬಿ. ಖಾನಾವಳಿ ನಡಸೂ ಹೆಂಗಸಿಗೆ ಇದರಾಗ ಹೊಸಾದೇನೈತಿ ಅಂತೀರಿ. ಹೊಸಾದೇನಿಲ್ಲ. ಆದ್ರ ನೀರೊಡದ ಉಪ್ಪು ಕಂಡಾಗೊಮ್ಮೆ ನನ್ನ ನೆಗೆಣ್ಣಿ ಶಾಂತಕ್ಕ ನೆನಪಾಗ್ತಾಳ, ಆ ದಿನ ನನಗ ಊಟ ಸೇರೂದಿಲ್ಲ.

ಶಾಂತಕ್ಕ ಅಂದ್ರ ನನ್ನ ಭಾವನ ಹೆಂಡ್ತಿ. ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಗಂಡಂದಿರು ಇಲ್ಲಿ ಗೌಂಡಿ ಕೆಲಸಕ್ಕ ಬಂದಿದ್ರು, ದೀಪಾವಳಿ ಮುಗಿಸಿಕೊಂಡು ನಾವಿಬ್ಬರೂ ವಿಜಾಪುರ ಕಡಿಯಿಂದ ಅವರ ಹಿಂದ ಬಂದ್ವಿ. ಇಲ್ಲಿ ನಮ್ಮ ಮಂದಿ ಪಾವ್ ತಿಂದು ತಿಂದು ಬ್ಯಾಸತ್ತು ಕುಂತಿದ್ರು, ಜ್ವಾಳದ ರೊಟ್ಟಿ ಅಂದ್ರ ಬಾಯಿಬಾಯಿ ಬಿಡ್ತಿದ್ರು. ತಗಡಿನ ಪತರಾದ ಶೆಡ್ಡಿನಾಗ ಎರಡು ಒಲಿ ಹೂಡಿ ಖಾನಾವಳಿ ತೆಗದ್ವಿ. ರೊಟ್ಟಿ ಬಡಿಯೂದು ಆಕಿ, ಉಳದದ್ದೆಲ್ಲಾ ನಾನು. ಆಕಿ ಬಡದ ರೊಟ್ಟಿಯ ಅಂಚು ಒಂದಿನಾನೂ ಒಡೀಲಿಲ್ಲ.

ನನಗೊಂದು ಚಟ. ಯಾರರ ಸುಮ್ಮ ಕುಂತ್ರ ಸಹನ ಆಗೂದಿಲ್ಲ. "ಕೂತು ಉಣ್ಣಾವರಿಗೆ ಕುಡಿಕಿ ಹೊನ್ನು ಸಾಲೂದಿಲ್ಲ" ಅಂತ ದಿನಕ್ಕ ಹತ್ತು ಸಲ ಅಂತಿದ್ದೆ. ಸಾಲಿ ಕಲಿತದ್ದು ಮೂರನೇ ಇಯತ್ತೆ, ಠೀವಿ ಮಾತ್ರ ಕಾರಖಾನಿ ಮ್ಯಾನೇಜರಂದು! ಪಲ್ಲೆ ಹೆಚ್ಚೂದಕ್ಕ ಇಷ್ಟು ಹೊತ್ತು, ಭಾಂಡಿ ತಿಕ್ಕೂದಕ್ಕ ಇಷ್ಟು ಅಂತ ಗಡಿಯಾರ ನೋಡಿ ನಡಸ್ತಿದ್ದೆ. "ಏ ತಂಗಿ, ಬಯಲಕಡಿಗೆ ಹೋಗಾಕೂ ಟೈಮ್ ಬರದಿಡು" ಅಂತ ಶಾಂತಕ್ಕ ನಗ್ತಿದ್ಲು. ಆವಾಗ ನಾನೂ ನಗ್ತಿದ್ದೆ.

ಬ್ಯಾಸಗ್ಯಾಗ ಕುಂಡಯಿಯ ಒಂದು ಕಾರಖಾನಿಯಿಂದ ಮೇಸ್ತ್ರಿಯೊಬ್ಬ ಬಂದ. ಮಳ್ಯಾಗ ನಮ್ಮ ಆಳುಗಳು ಹೊರಗ ಉಣ್ಣಾಕ ಹೋಗಾಕ ಆಗೂದಿಲ್ಲ, ಜೂನಿನಿಂದ ದಿನಾ ಮುನ್ನೂರು ರೊಟ್ಟಿ ಕೊಡ್ರಿ ಅಂದ. ನನ್ನ ತಲಿ ಓಡಿತು. ನಮ್ಮೂರಾಗ ಕಟಕ ರೊಟ್ಟಿ ಮಾಡಿ, ಚಲೋತ್ನಂಗ ಒಣಗಿಸಿ, ಬಿಳಿ ಅರಿವ್ಯಾಗ ಸುತ್ತಿಟ್ರ ತಿಂಗಳಾನಗಟ್ಟಲೆ ಹಂಗ ಇರ್ತಾವ. ಈಗ ಬಡದಿಟ್ರ ಮಳಿಗಾಲದಾಗ ಕೈ ಖಾಲಿ, ಇನ್ನೊಂದು ಆರ್ಡರ್ ಹಿಡೀಬಹುದು. ಗೋವಾದ ಮಳಿಗಾಲ ನಾವಿಬ್ಬರೂ ಇನ್ನೂ ಕಂಡಿರಲಿಲ್ಲ. ಓಣ್ಯಾಗ ಹಳಬರು ಇದ್ರು, ಒಂದು ಮಾತು ಕೇಳಬಹುದಿತ್ತು. ರೊಟ್ಟಿ ವಿಷಯ ನನಗ ಯಾರು ಹೇಳಿಕೊಡಬೇಕು ಅನ್ನೂ ಸೊಕ್ಕು ನೋಡ್ರಿ.

ಆ ಕಾದ ಪತರಾದ ಕೆಳಗ ಶಾಂತಕ್ಕ ಒಂದೂವರೆ ತಿಂಗಳು ಬಡದ್ಲು. ದಿನದ ಗಿರಾಕಿಗಳ ರೊಟ್ಟಿ ಬ್ಯಾರೆ, ಇದು ಬ್ಯಾರೆ. ಒಂದಿನ, "ತಂಗಿ, ಈ ಬಲಭುಜ ಎತ್ತಾಕ ಬರವಲ್ದು. ಎರಡು ದಿನ ಬಿಡೂಣೇನು?" ಅಂದ್ಲು. ನಾನು ನೀಲಗಿರಿ ಎಣ್ಣಿ ಕೊಟ್ಟು, "ಇನ್ನೊಂದು ವಾರ ತಡಿ ಅಕ್ಕಾ, ಮಳಿ ಬಿತ್ತಂದ್ರ ನೀ ಹಾಸಿಗಿ ಮ್ಯಾಲೇ ಇರು" ಅಂದೆ. ಆಕಿ ಎಣ್ಣಿ ಹಚ್ಚಿಕೊಂಡು ಮತ್ತ ಹಿಟ್ಟು ನಾದಾಕ ಕುಂತ್ಲು.

ನಮ್ಮ ಕಡಿ ಮಳಿ ಬಂದು ಹೋಗ್ತೈತಿ. ಇದು ಬಂದು ಕುಂತೇ ಬಿಡ್ತು. ಗ್ವಾಡಿ ಬೆವತವು, ಹಾಸಿಗಿ ಒಣಗಲಿಲ್ಲ. ಆರ್ಡರಿನ ಮೊದಲನೇ ದಿನ ಗಂಟು ಬಿಚ್ಚಿದ್ರ ಕಟಕಟ ಅನ್ನೂ ರೊಟ್ಟಿ ಒದ್ದಿ ಅರಿವಿ ಆಗಿದ್ವು, ನಡುವ ಹಸರು ಬೂಷ್ಟು. ಎಲ್ಲಾ ಗಂಟು ಬಿಚ್ಚಿದೆ. ಎಲ್ಲಾ ಹಂಗ. ಆಕಿಯ ಒಂದೂವರೆ ತಿಂಗಳು ತಿಪ್ಪಿಗೆ ಹೋತು. ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು ಅಂತಾರ. ನನಗ ಕೆಟ್ಟ ಮ್ಯಾಲೂ ಬರಲಿಲ್ಲ. ಮೇಸ್ತ್ರಿಗೆ ಕೈಮುಗದು ಆಗೂದಿಲ್ಲ ಅಂದಿದ್ರ ಮುಗೀತಿತ್ತು. ನಾನು, "ಅಕ್ಕಾ, ಹಂಚು ಇಡು, ಮಧ್ಯಾಹ್ನಕ್ಕ ಮುನ್ನೂರು ಆಗಬೇಕು" ಅಂದೆ. ಆಕಿ ನನ್ನ ಮುಖ ನೋಡಿದ್ಲು. ಹಂಚು ಇಟ್ಲು.

ಹನ್ನೊಂದು ದಿನ ಹಂಗ ನಡೀತು. ಹನ್ನೆರಡನೇ ದಿನ ಆಕಿಗೆ ಹಿಟ್ಟಿನ ಉಂಡಿ ಹಿಡಿಯಾಕೂ ಬರಲಿಲ್ಲ. ಭುಜದ ಒಳಗ ಹರದೈತಿ, ಇನ್ನ ಈ ಕೈಲೆ ರೊಟ್ಟಿ ಬಡಿಯೂದು ಆಗೂದಿಲ್ಲ ಅಂದ್ರು ಡಾಕ್ಟರು. ಊರಿನ ಬಸ್ ಹತ್ತುವಾಗ ಎಡಗೈಲೆ ನನ್ನ ತಲಿ ಸವರಿ, "ನೀ ಏನು ಬೇಕಂತ ಮಾಡಿದ್ಯೇನವ್ವಾ" ಅಂದ್ಲು. ಒಂದು ಬಾರಿಸಿದ್ರ ಚಲೋ ಇತ್ತು. ಈಗ ಆಕಿ ಹೆರಳನ್ನೂ ಸೊಸೀನ ಹಾಕಬೇಕಂತ. ನಾನು ನೋಡಾಕ ಹೋಗಿಲ್ಲ, ಹೋಗೂ ಮುಖ ನನಗಿಲ್ಲ.

ಖಾನಾವಳಿ ಮಾತ್ರ ನಡದೈತಿ. ಈಗ ರೊಟ್ಟಿ ಬಡಿಯಾಕ ಮಾದೇವಿ ಅಂತ ಒಬ್ಬಾಕಿ ಬರ್ತಾಳ, ನಾಕು ವರ್ಷ ಆತು. ಇವತ್ತು ಇದನ್ನೆಲ್ಲಾ ನೆನಸಿಕೊಂತ ಹೊಳ್ಳಿ ನೋಡಿದ್ರ, ಮಾದೇವಿ ಬಡಿಯೂದು ನಿಲ್ಲಿಸಿ ಬಲಭುಜ ಒತ್ತಿಕೊಳ್ಳಾಕತ್ತಿದ್ಲು.

"ಮಾದೇವಿ, ಸಾಕು ಬಿಡು. ಏಳು, ಆ ಚಾಪಿ ಮ್ಯಾಲೆ ಚೂರು ಅಡ್ಡಾಗು" ಅಂದೆ.

ನಾಕು ವರ್ಷದಾಗ ನಾನು ಹಂಗ ಅಂದದ್ದು ಇದೇ ಮೊದಲು. ಆಕಿ ಮುಖ ಬಿಳಚಿಕೊಂಡಿತು. ಲಗೂನ ಹಿಟ್ಟಿನ ಉಂಡಿ ಕೈಗೆ ತಗೊಂಡ್ಲು.

"ಇಲ್ರೀ ಅಕ್ಕಾರ, ನನಗೇನೂ ಆಗಿಲ್ರಿ. ಕೆಲಸದಿಂದ ಬಿಡಿಸಬ್ಯಾಡ್ರಿ" ಅಂದು, ಮೊದಲಿಗಿಂತ ಜೋರಾಗಿ ಬಡಿಯಾಕ ಸುರು ಮಾಡಿದ್ಲು.