ಯಾಕಂದ್ರೆ ಮೇಷ್ಟ್ರ ನಾಲ್ಕು ಹಾಳೆ

ಅವರಿಗೂ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿತ್ತು, ಆದರೆ ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವರು ಯಾಕಂದ್ರೆ ಮೇಷ್ಟ್ರು. ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಯಾರು ಏನೇ ಅನ್ನಲಿ, "ಯಾಕಂದ್ರೆ" ಎಂದು ಶುರುಹಚ್ಚಿಕೊಂಡುಬಿಡುವರು. ಈರುಳ್ಳಿ ಹೆಚ್ಚಿದರೆ ಕಣ್ಣು ಉರಿಯುತ್ತೆ ಎಂದು ಪಕ್ಕದ ಮನೆಯಾಕೆ ಅಂದರೆ ಯಾಕಂದ್ರೆ. ಕೊಳವೆ ಬಾವಿಯ ನೀರಿಗೆ ಸೋಪು ನೊರೆ ಕೊಡುತ್ತಿಲ್ಲ ಎಂದು ಗೊಣಗಿದರೆ ಅದಕ್ಕೂ ಯಾಕಂದ್ರೆ. ಕ್ಷೌರದಂಗಡಿಯವನಂತೂ ಅವರು ಬಂದು ಕೂತರೆ ಬಾಯಿ ಹೊಲಿದುಕೊಂಡು ಕತ್ತರಿ ಆಡಿಸುತ್ತಿದ್ದ. ಒಮ್ಮೆ ಬಾಯಿತಪ್ಪಿ "ಕೂದಲು ಬೆಳ್ಳಗಾಗ್ತಿದೆ ಸಾರ್" ಎಂದುಬಿಟ್ಟು ಮುಕ್ಕಾಲು ಗಂಟೆ ಮಿಕ್ಕ ಗಿರಾಕಿಗಳನ್ನು ಕಾಯಿಸಿದ್ದನಂತೆ.

ಹಾಗೆಂದು ಜನಕ್ಕೆ ಅವರ ಮೇಲೆ ಬೇಸರವೇನೂ ಇರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಭಾನುವಾರದ ಪತ್ರಿಕೆಯಲ್ಲಿ ಅವರ ಅಂಕಣ ಬರುತ್ತಿತ್ತು. ಮಂಜುಗಡ್ಡೆ ಯಾಕೆ ತೇಲುತ್ತದೆ, ನೀರಲ್ಲಿ ನೆಂದ ಬೆರಳು ಯಾಕೆ ಸುಕ್ಕಾಗುತ್ತದೆ, ಇಂಥವೇ. ಓದಿ ಮುಗಿಸಿದವರಿಗೆ ಮೇಷ್ಟ್ರು ಬುದ್ಧಿವಂತರು ಅನ್ನಿಸುವುದಕ್ಕಿಂತ ತಾವೇ ಬುದ್ಧಿವಂತರು ಅನ್ನಿಸುತ್ತಿತ್ತು. ಅದು ಸಣ್ಣ ವಿದ್ಯೆಯಲ್ಲ.

ಅಂಕಣ ಬರೆಯುತ್ತಿದ್ದರು ಎನ್ನುವುದು ಪೂರ್ತಿ ನಿಜವೂ ಅಲ್ಲ. ಅವರ ಕೈಬರಹ ಕಾಗೆ ಕಾಲು ಗುಬ್ಬಿ ಕಾಲು. ಆದ್ದರಿಂದ ಗುರುವಾರ ಸಂಜೆ ಮೇಷ್ಟ್ರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತ ಹೇಳುವುದು, ಹೆಂಡತಿ ಮೇಜಿನ ಮುಂದೆ ಕೂತು ಗೆರೆ ಹಾಳೆಯ ಮೇಲೆ ಬರೆಯುವುದು. ಆಕೆಯದು ದುಂಡಗಿನ ಅಕ್ಷರ. ಆ ಅಕ್ಷರದಲ್ಲಿ ನಾಲ್ಕು ಹಾಳೆ ತುಂಬಿದರೆ ಪತ್ರಿಕೆಯವರು ಬಿಟ್ಟ ಜಾಗಕ್ಕೆ ಅಳೆದು ಕೊಟ್ಟಂತೆ ಕೂರುತ್ತಿತ್ತು. ಪದ ಎಣಿಸುವ ಗೋಜೇ ಇಲ್ಲ. "ನಾಲ್ಕನೇದು ಅರ್ಧ ಆಯ್ತು ರೀ" ಎಂದು ಆಕೆ ಅಂದರೆ ಮೇಷ್ಟ್ರು ಸುತ್ತಾಟ ಬಿಟ್ಟು ಮುಕ್ತಾಯದ ದಾರಿ ಹಿಡಿಯುತ್ತಿದ್ದರು.

ಹಾಲು ಸೀದದ್ದು ಎರಡು ವರ್ಷದ ಹಿಂದೆ. ಶಾಲೆಯಿಂದ ಬರುತ್ತಿದ್ದ ಹಾಗೇ, ಮೆಟ್ಟಿಲ ಹತ್ತಿರವೇ ಮೇಷ್ಟ್ರ ಮೂಗಿಗೆ ಸೀದ ವಾಸನೆ ಹೊಡೆಯಿತು. ಒಳಗೆ ಹೋಗಿ ನೋಡಿದರೆ ಒಲೆಯ ಮೇಲೆ ಹಾಲಿನ ಪಾತ್ರೆ ಕರಿಕಲಾಗಿದೆ. ಅಲ್ಲೇ, ಒಲೆಗೆ ಬೆನ್ನು ಮಾಡಿ, ಹೆಂಡತಿ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದಾಳೆ.

"ನಂಗೆ ಗೊತ್ತೇ ಆಗ್ಲಿಲ್ಲ," ಎಂದಳು ಪಾತ್ರೆ ಹಿಡಿದು ನಿಂತು. "ಈಗೀಗ ಯಾವ ವಾಸನೆನೂ ಬರಲ್ಲ ರೀ. ಸೋಪಿಂದೂ ಇಲ್ಲ, ಜಜ್ಜಿದ ಬೆಳ್ಳುಳ್ಳಿದೂ ಇಲ್ಲ."

"ಯಾಕಂದ್ರೆ," ಎಂದರು ಮೇಷ್ಟ್ರು, ಕೈಯಲ್ಲಿದ್ದ ಚೀಲ ಕೂಡ ಕೆಳಗಿಡದೆ. ಮೂಗು ಬಲು ಜಾಣ. ಒಂದೇ ವಾಸನೆ ಬಹಳ ಹೊತ್ತು ಸುತ್ತಮುತ್ತ ಇದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊರಗಿನಿಂದ ಬಂದವನಿಗೆ ಥಟ್ಟನೆ ಗೊತ್ತಾಗುತ್ತದೆ, ಒಳಗೇ ಇದ್ದವರಿಗೆ ಗೊತ್ತಾಗುವುದಿಲ್ಲ. "ನೀನು ಇಡೀ ದಿನ ಅಡುಗೆಮನೆಲೇ ಇರ್ತೀಯಲ್ಲ, ಅದಕ್ಕೇ." ಹೇಳುತ್ತ ಹೇಳುತ್ತ ಅವರ ಮುಖ ಅರಳಿತ್ತು. ಆಕೆ ಪಾತ್ರೆಗೆ ನೀರು ಹಾಕಿ ನೆನೆಯಲು ಇಟ್ಟಳು. ಆ ಗುರುವಾರ ಅದೇ ಅಂಕಣವಾಯಿತು, ಬರೆದವಳೂ ಆಕೆಯೇ. ನಲವತ್ತಮೂರು ಓದುಗರ ಪತ್ರ ಬಂದವು. ಅಷ್ಟು ಪತ್ರ ಹಿಂದೆಂದೂ ಬಂದಿರಲಿಲ್ಲ.

ಅವರು ಹೇಳಿದ್ದು ಸುಳ್ಳಲ್ಲ. ಎಲ್ಲರ ಮೂಗಿನ ವಿಷಯದಲ್ಲೂ ಅದು ನೂರಕ್ಕೆ ನೂರು ಸರಿ, ಎದುರಿಗಿದ್ದ ಮೂಗಿನ ವಿಷಯದಲ್ಲಿ ತಪ್ಪು. ಮೂಗಿಗೆ ಅಭ್ಯಾಸವಾಗಲು ಹೊತ್ತು ಬೇಕು. ಬೆಳ್ಳುಳ್ಳಿ ಆಗತಾನೇ ಜಜ್ಜಿದರೂ ವಾಸನೆ ಬರುವುದಿಲ್ಲ ಎಂದರೆ ಅದು ಅಭ್ಯಾಸ ಹೇಗಾದೀತು ಸಾರ್ ಎಂದು ಅವರ ಒಂಬತ್ತನೇ ತರಗತಿಯ ಹುಡುಗಿಯರಲ್ಲಿ ಯಾರಾದರೂ ಕೈಯೆತ್ತಿ ಕೇಳುತ್ತಿದ್ದರು. ಮೇಷ್ಟ್ರು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಅಂಕಣ ಮೂರೂವರೆ ಹಾಳೆಗೇ ಮುಗಿಯತೊಡಗಿತು. ಮೇಷ್ಟ್ರು ಹಿಗ್ಗಿಹೋದರು. ವಯಸ್ಸಾದಂತೆ ಮಾತು ಹದಕ್ಕೆ ಬರುತ್ತದೆ, ತಮ್ಮ ಶೈಲಿ ಬಿಗಿಯಾಗುತ್ತಿದೆ ಎಂದುಕೊಂಡರು. ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಮನುಷ್ಯನಿಗೆ ಎಂಥ ನೆಪವಾದರೂ ನಡೆಯುತ್ತದೆ. ಹಾಳೆ ತುಂಬಲಿ ಎಂದು ಒಂದು ಉದಾಹರಣೆ ಸೇರಿಸಿದರು, ಕೆಲವು ತಿಂಗಳ ಮೇಲೆ ಇನ್ನೊಂದು. ಕೊನೆಗೆ ಪತ್ರಿಕೆಯ ಉಪಸಂಪಾದಕಿ ಫೋನ್ ಮಾಡಿದಳು.

"ಮೇಷ್ಟ್ರೇ, ಹಾಳೆ ನಾಲ್ಕೇ ಇದೆ, ಆದ್ರೆ ಮ್ಯಾಟರ್ ಜಾಗದಲ್ಲಿ ಹಿಡಿಸ್ತಾನೇ ಇಲ್ಲ. ಅಕ್ಷರ ಇರುವೆ ಸಾಲಿನ ಹಾಗಿದೆ. ಸಾಲಿನ ಶುರು ಹೇಗೋ ಓದ್ಬಹುದು, ಕೊನೆಗೆ ಬರೋ ಹೊತ್ತಿಗೆ ಭೂತಗನ್ನಡಿ ಬೇಕು."

ಮೇಷ್ಟ್ರು ಹೆಂಡತಿಯನ್ನು ವಿಚಾರಿಸಿದರು. "ದೊಡ್ಡದಾಗೇ ಬರೀಬೇಕು ಅಂತ ಶುರು ಮಾಡ್ತೀನಿ," ಎಂದಳು ಆಕೆ. "ಕೈ ತಾನಾಗೇ ಚಿಕ್ಕದು ಮಾಡ್ಬಿಡುತ್ತೆ."

ಅದಕ್ಕೂ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಪಳಗಿದ ಕೈ ಶ್ರಮ ಉಳಿಸುತ್ತದೆ. ಯಾರ ಸಹಿಯಾದರೂ ನೋಡು, ವರ್ಷ ಕಳೆದಂತೆ ಬರೀ ಒಂದು ಗೀಟಾಗಿಬಿಡುತ್ತದೆ. ಅದೂ ಅಂಕಣವಾಯಿತು. ತನ್ನ ಕೈಗೆ ಏನೂ ಆಗಿಲ್ಲ ಎಂಬುದನ್ನು ಆಕೆ ಅದೇ ಕೈಯಿಂದ ಎರಡೂವರೆ ಹಾಳೆಯಲ್ಲಿ ಬರೆದುಕೊಟ್ಟಳು.

ಆಕೆಗೊಬ್ಬಳು ತಂಗಿ, ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಭಾವನ ಅಂಕಣವನ್ನು ಅವಳು ಓದುತ್ತಿದ್ದುದು ಬಟ್ಟೆಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಡುವಾಗ ಕಣ್ಣಿಗೆ ಬಿದ್ದಷ್ಟು. ಒಂದು ಮಧ್ಯಾಹ್ನ ಅಕ್ಕನ ತೋಳಿನ ಅಳತೆ ತೆಗೆಯುತ್ತ, "ಕೈ ಸಡಿಲ ಬಿಡು ಅಕ್ಕ," ಎಂದಳು.

"ಬಿಟ್ಟೇ ಇದ್ದೀನಲ್ಲೆ."

ತಂಗಿ ಟೇಪನ್ನು ಕೊರಳಿಗೆ ಹಾಕಿಕೊಂಡು, ಅಕ್ಕನನ್ನು ಅಂಗಡಿಯ ಈ ಕೊನೆಯಿಂದ ಆ ಕೊನೆಗೆ ಒಮ್ಮೆ ನಡೆಸಿದಳು. ಎಡಗೈ ಬೀಸುತ್ತಿತ್ತು. ಬಲಗೈ ಮೈಗೆ ಅಂಟಿಕೊಂಡೇ ಇತ್ತು. "ಯಾವಾಗಿಂದ ಹೀಗೆ?" ಎಂದು ಕೇಳಿದಳು, ಅಂಗಡಿಯ ಬಾಗಿಲೆಳೆದು ಅಕ್ಕನ ಪಕ್ಕದಲ್ಲಿ ಕೂತು ಒಂದು ಗಂಟೆ ಕೇಳಿಸಿಕೊಂಡಳು. ಮರುದಿನವೇ ನರರೋಗದ ಡಾಕ್ಟರಿಗೆ ತೋರಿಸುವ ಏರ್ಪಾಡಾಯಿತು. ಮೇಷ್ಟ್ರೂ ಜೊತೆಗೆ ಹೋದರು.

ಡಾಕ್ಟರು ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದರು, ನಡೆಸಿದರು, ಒಂದು ಸಾಲು ಬರೆಸಿದರು. ಪಾರ್ಕಿನ್ಸನ್ ಕಾಯಿಲೆ ಎಂದರು. ಎಲ್ಲರಿಗೂ ನಡುಕದಿಂದಲೇ ಶುರುವಾಗಬೇಕೆಂದಿಲ್ಲ. ಎಷ್ಟೋ ಜನಕ್ಕೆ ಮೊದಲು ಹೋಗುವುದು ಮೂಗಿನ ಶಕ್ತಿ. "ವಾಸನೆ ಯಾವಾಗಿಂದ ಬರ್ತಿಲ್ಲಮ್ಮ?"

ಆಕೆ ನೆನಪು ಮಾಡಿಕೊಳ್ಳುತ್ತಿದ್ದಳು. ಮೇಷ್ಟ್ರು ತಾರೀಖು ಹೇಳಿದರು. ಅಕ್ಷರ ಸಣ್ಣದಾಗಿದ್ದು? ಅದಕ್ಕೂ ತಾರೀಖು ಹೇಳಿದರು.

"ಇಷ್ಟು ಕರಾರುವಾಕ್ಕಾಗಿ ಯಾರೂ ಹೇಳಲ್ಲ. ಬರೆದಿಟ್ಟಿದ್ರಾ?"

"ಪೇಪರ್‌ನಲ್ಲಿ ಬಂದಿತ್ತು," ಎಂದಳು ನಾದಿನಿ, ಭಾವನ ಮುಖ ನೋಡದೆ.

ಮೊದಲೇ ಬಂದಿದ್ದರೆ ಕಾಯಿಲೆ ನಿಲ್ಲುತ್ತಿತ್ತೇ ಎಂದು ಮೇಷ್ಟ್ರು ಕೇಳಿದರು. ಇಲ್ಲ ಎಂದರು ಡಾಕ್ಟರು. ನಿಲ್ಲಿಸುವ ಔಷಧಿ ಇನ್ನೂ ಬಂದಿಲ್ಲ. "ಆದ್ರೆ ಕೈ ಬಿಗಿಯೋಕೆ ಶುರುವಾದಾಗಲೇ ಮಾತ್ರೆ ಕೊಡ್ಬಹುದಿತ್ತು. ಇಷ್ಟು ಕಷ್ಟಪಡಬೇಕಾಗಿರಲಿಲ್ಲ."

ಎಷ್ಟು ಕಷ್ಟ ಎಂಬುದು ಮೇಷ್ಟ್ರಿಗೆ ಆಮೇಲೆ ನಾದಿನಿಯಿಂದ ಗೊತ್ತಾಯಿತು. ರವಿಕೆಯ ಗುಂಡಿ ಹಾಕಿಕೊಳ್ಳಲೆಂದೇ ಆಕೆ ಅರ್ಧ ಗಂಟೆ ಮುಂಚೆ ಏಳುತ್ತಿದ್ದಳಂತೆ. ಗುರುವಾರ ಮಧ್ಯಾಹ್ನ ಕೈಯನ್ನು ಬಿಸಿನೀರಲ್ಲಿ ಅದ್ದಿಟ್ಟುಕೊಂಡು ಸಂಜೆಯ ಬರವಣಿಗೆಗೆ ತಯಾರಾಗುತ್ತಿದ್ದಳಂತೆ. ಒಂದೇ ಸೂರಿನಡಿ ಇದ್ದೂ ಇದೊಂದೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅಂಕಣಗಳ ಕಡತ ತೆಗೆದು ಆ ಎರಡನ್ನೂ ಮತ್ತೆ ಓದಿದರು. ಎಷ್ಟು ಸೊಗಸಾಗಿದ್ದವು! ನಾಚಿಕೆಯಿಂದ ಕುಗ್ಗಿಹೋದರು. ಕಾಯಿಲೆ ತಮ್ಮಿಂದ ಬಂದದ್ದಲ್ಲ ಎಂಬ ಸಮಾಧಾನ ಅವರ ಹತ್ತಿರ ಸುಳಿಯಲೂ ಇಲ್ಲ. ಈಗ ಅವರಿಗೆ ಬೇಕಾಗಿದ್ದು ಒಂದೇ: ತಪ್ಪಾಯಿತು ಎಂದು ಹೆಂಡತಿಯ ಮುಂದೆ ಹೇಳಬೇಕು, ಆಕೆ ಹೋಗಲಿ ಬಿಡಿ ಅನ್ನಬೇಕು.

ಆದರೆ ಗಂಡ ಹೆಂಡತಿಗೆ ಹೇಳುವ ಹಾಗೆ ಹೇಳುವುದು ಅವರಿಗೆ ಬರಬೇಕಲ್ಲ. ಮೂರು ದಿನ ಕೂತು, ತಮ್ಮ ಕೈಯಾರೆ, ಒಂದು ಅಂಕಣ ಬರೆದರು. ಮಿದುಳಿನ ಯಾವ ಜೀವಕೋಶಗಳು ಸೊರಗುತ್ತವೆ, ಅವು ಮಾಡುವ ಯಾವ ರಾಸಾಯನಿಕ ಕಡಿಮೆಯಾದರೆ ಅಕ್ಷರ, ಹೆಜ್ಜೆ, ದನಿ ಎಲ್ಲವೂ ಕಿರಿದಾಗುತ್ತವೆ, ಎಲ್ಲ ಬಂದಿತ್ತು. ಮನೆಯವರು ಇಂಥ ಸೂಚನೆಗಳನ್ನು ಕಡೆಗಣಿಸಬಾರದು, ಈ ಅಂಕಣಕಾರನೇ ಕಡೆಗಣಿಸಿದ್ದಾನೆ ಎಂದೂ ಇತ್ತು. ಭಾನುವಾರ ಬೆಳಿಗ್ಗೆ ಆಕೆಯ ಎದುರು ಕುರ್ಚಿ ಎಳೆದುಕೊಂಡು ಪೂರ್ತಿ ಓದಿದರು. ಓದಿ, ಅಂಕಪಟ್ಟಿಗೆ ಕಾಯುವ ವಿದ್ಯಾರ್ಥಿಯಂತೆ ಆಕೆಯ ಮುಖ ನೋಡಿದರು.

"ಚೆನ್ನಾಗಿದೆ," ಎಂದಳು ಆಕೆ. "ಡಾಕ್ಟ್ರು ಹೇಳಿದ್ದು ನಂಗೆ ಈಗ ಅರ್ಥ ಆಯ್ತು. ಆದ್ರೆ ಆವತ್ತು ಹಾಲು ಸೀದಾಗ ನಾನು ಯಾಕೆ ಅಂತ ಕೇಳಿರ್ಲಿಲ್ಲ ರೀ. ಭಯ ಆಗಿತ್ತು. ನಿಮ್ಮ ಹತ್ರ ಹೇಳ್ಕೊಂಡೆ, ಅಷ್ಟೆ."

ಮೇಷ್ಟ್ರು ಹಾಳೆಗಳನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಈಗ?" ಎಂದು ಕೇಳಿದರು. "ಈಗ್ಲೂ ಭಯ ಆಗುತ್ತಾ?"

"ಆಗುತ್ತೆ. ಬೆಳಿಗ್ಗೆ ಎದ್ದ ಕೂಡ್ಲೆ ಜಾಸ್ತಿ." ಆಕೆಯ ದನಿಯಲ್ಲಿ ಕೋಪವಾಗಲಿ ಮುನಿಸಾಗಲಿ ಇರಲಿಲ್ಲ, ಮನೆಯ ಯಾವುದೋ ಏರ್ಪಾಡನ್ನು ತಿಳಿಸುವ ಹಾಗಿತ್ತು. "ನೀವು ಸ್ನಾನಕ್ಕೆ ಹೋದಾಗ ತಂಗಿಗೆ ಫೋನ್ ಮಾಡಿ ಹೇಳ್ಕೋತೀನಿ."